ಮಂಡಳಿ ಮನೆಗೆ ಬಂದ ಟಿಬಿ ರೋಗಿ: ಹೊಸ ನೋಂದಣಿ ಬೇಕಾ?

ಪ್ರಶ್ನೆ (ಆಶಾ ಕಾರ್ಯಕರ್ತೆ, ಬೆಂಗಳೂರು): ಸರ್, ನಗರದ ಇನ್ನೊಂದು ತುದಿಯಿಂದ ಒಂದು ಕುಟುಂಬ ಇಲ್ಲಿಯ ಕೊಳಗೇರಿ ಅಭಿವೃದ್ಧಿ ಮಂಡಳಿ ಮನೆಗೆ ಬಂದಿದೆ. ಯಜಮಾನರಿಗೆ ಶ್ವಾಸಕೋಶದ ಟಿಬಿ, ಈಗ ಮೂರನೇ ತಿಂಗಳು. ತೂಕ 42 ಕೆ.ಜಿ., ದಿನಕ್ಕೆ 3 ಗುಳಿಗೆ, ಕೈಯಲ್ಲಿರೋದು 15. ಆಧಾರ್‌ನಲ್ಲಿ ಹಳೇ ವಿಳಾಸ. 3 ವರ್ಷದ ಮಗುವೂ ಇದೆ. ಹೊಸದಾಗಿ ಹೆಸರು ಬರೆಸಲಾ?

ಉತ್ತರ (ಟಿಬಿ ಚಿಕಿತ್ಸಾ ಮೇಲ್ವಿಚಾರಕ): ಬೇಡ ಮೇಡಂ. ಹೊಸ ಐಡಿ ಮಾಡಿಸಿದರೆ ಹಳೇ ಕೇಂದ್ರದಲ್ಲಿ ಅವರು ಚಿಕಿತ್ಸೆ ಬಿಟ್ಟವರಂತೆ ಕಾಣ್ತಾರೆ, ಪೋಷಣೆಗೆ ಬರುವ ತಿಂಗಳ 1,000 ರೂಪಾಯಿಯೂ ಸಿಕ್ಕಿಹಾಕಿಕೊಳ್ಳುತ್ತೆ. ಚಿಕಿತ್ಸಾ ಕಾರ್ಡ್‌ನಲ್ಲಿರುವ ನಿಕ್ಷಯ್ (ಟಿಬಿ ರೋಗಿಗಳ ಸರ್ಕಾರಿ ಪೋರ್ಟಲ್) ಐಡಿಯನ್ನು ನಿಮ್ಮ ನಗರ ಆರೋಗ್ಯ ಕೇಂದ್ರದ ಎಸ್‌ಟಿಎಸ್‌ಗೆ, ಅಂದ್ರೆ ಹಿರಿಯ ಚಿಕಿತ್ಸಾ ಮೇಲ್ವಿಚಾರಕರಿಗೆ, ಇವತ್ತೇ ಕಳಿಸಿ. ಪೋರ್ಟಲ್‌ನಲ್ಲಿ ಅದೇ ಐಡಿ ವರ್ಗಾವಣೆ ಆಗುತ್ತೆ. 15 ಗುಳಿಗೆ ಅಂದ್ರೆ ಬರೀ 5 ದಿನ. ವರ್ಗಾವಣೆ ಮುಗಿಯಲಿ ಅಂತ ಕಾಯದೆ ಕಾರ್ಡ್ ಹಿಡಿದು ಗುಳಿಗೆ ಕೇಳಿ. ಆಧಾರ್ ವಿಳಾಸ ಹಳೇದಾದರೂ ಚಿಕಿತ್ಸೆಗೆ ಅಡ್ಡಿಯಿಲ್ಲ.

ವಿಳಾಸ ಬರೆಯುವಾಗ ಬ್ಲಾಕ್, ಮಹಡಿ, ಮನೆ ಸಂಖ್ಯೆ ಮೂರೂ ಇರಲಿ. ಎಲ್ಲ ಬ್ಲಾಕ್‌ನಲ್ಲೂ ಒಂದೊಂದು 12ನೇ ನಂಬರ್ ಮನೆ ಇರುತ್ತೆ, ಬರೀ ನಂಬರ್ ಹಿಡಿದು ಹೊರಟವರು ಮೆಟ್ಟಿಲು ಹತ್ತಿಳಿದು ವಾಪಸ್ ಬರ್ತಾರೆ.

ಸ್ಟ್ರಿಪ್ ಕೈಗೆ ತೆಗೆದುಕೊಂಡು ಓದಿ. ಮೊದಲ 2 ತಿಂಗಳು ಒಂದೊಂದು ಗುಳಿಗೆಯಲ್ಲೂ ನಾಲ್ಕು ಔಷಧಿ, ಆಮೇಲಿನ 4 ತಿಂಗಳು ಮೂರು, ಆಗ ಪೈರಜಿನಮೈಡ್ ಅನ್ನೋ ಔಷಧಿ ಇರಬಾರದು. ಎರಡನೇ ತಿಂಗಳ ಕೊನೆಯ ಕಫ ಪರೀಕ್ಷೆ ಆಗಿದೆಯಾ ಕೇಳಿ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ತಪ್ಪಿಹೋಗೋದು ಅದೇ. ಪ್ರತಿ ತಿಂಗಳು ತೂಕ ನೋಡಿ: 35ರಿಂದ 49 ಕೆ.ಜಿ.ವರೆಗೆ 3 ಗುಳಿಗೆ, 50 ಮುಟ್ಟಿದರೆ 4. ಬದಲಾವಣೆ ವೈದ್ಯರೇ ಮಾಡಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು ಅಂತ ಗುಳಿಗೆ ಬಿಡೋರಿದ್ದಾರೆ, ಅದು ಗುಳಿಗೆಯಲ್ಲಿರುವ ರಿಫಾಂಪಿಸಿನ್ ಔಷಧಿಯ ಬಣ್ಣ, ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ವೈದ್ಯರ ಹತ್ತಿರ ಕಳಿಸಿ.

ಮಗುವನ್ನು ತಪ್ಪದೇ ತೋರಿಸಿ. ಟಿಬಿ ಇಲ್ಲ ಅಂತ ಖಚಿತವಾದ ಮೇಲೆ ತಡೆ ಚಿಕಿತ್ಸೆ ಶುರು ಮಾಡ್ತಾರೆ. ಮನೆಯ ಉಳಿದವರಿಗೂ ತಪಾಸಣೆ ಆಗಬೇಕು.

ಪ್ರಶ್ನೆ: ಒಂದೇ ಕೋಣೆ ಸರ್, ಕಿಟಕಿಗೆ ಅಡ್ಡ ಬೀರು ಇಟ್ಟಿದ್ದಾರೆ. ತಟ್ಟೆ-ಲೋಟ ಬೇರೆ ಮಾಡಿದ್ದಾರೆ.

ಉತ್ತರ: ಮೊದಲು ಆ ಬೀರು ಸರಿಸಿ. ಕಿಟಕಿ, ಬಾಗಿಲು ಎರಡೂ ತೆರೆದಿದ್ದರೇನೇ ಗಾಳಿ ಆಡೋದು. ಟಿಬಿ ಗಾಳಿಯಿಂದ ಹರಡುತ್ತೆ, ತಟ್ಟೆಯಿಂದಲ್ಲ. ಎಲ್ಲರ ಜೊತೆ ಊಟ ಮಾಡಲಿ. ಇನ್ನೊಂದು ಮಾತು: ಕಾರಿಡಾರ್‌ನಲ್ಲಿ ನಿಂತು 'ಟಿಬಿ' ಅನ್ನಬೇಡಿ, ಪಕ್ಕದ ಮನೆಗೆಲ್ಲ ಕೇಳುತ್ತೆ. ಫೋನ್ ಮಾಡಿಕೊಂಡು ಹೋಗಿ, ಒಳಗೆ ಕೂತು ಮಾತಾಡಿ.