ಹಾ ಜಿಯಾಂಗ್ ಬೈಕ್ ಪ್ರವಾಸ: ಟಿಕೆಟ್ ತೆಗೆಯುವ ಮೊದಲು

ಅಳಿಯಾ, ನವೆಂಬರಿನಲ್ಲಿ ಗೆಳೆಯರೊಡನೆ ವಿಯೆಟ್ನಾಮಿಗೆ ಹೋಗಿ ಹಾ ಜಿಯಾಂಗ್ ಬೆಟ್ಟಗಳಲ್ಲಿ ಬಾಡಿಗೆ ಬೈಕ್ ಓಡಿಸುತ್ತೇವೆ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ಸಾಕಲ್ಲವೇ ಎಂದು ನೀನು ನಿನ್ನೆ ಇಲ್ಲಿ ಕೇಳಿದ್ದೀಯೆ. ಸಾಲದು. ಅಕ್ಕ, ಭಾವನವರೂ ದಯವಿಟ್ಟು ಇದನ್ನು ಪೂರ್ತಿ ಕೇಳಬೇಕು.

ನಮ್ಮ ಆರ್‌ಟಿಒ ಕಚೇರಿ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಪುಸ್ತಕ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ಪರವಾನಗಿಯನ್ನು. ಹೀಗಾಗಿ ಆ ಪುಸ್ತಕ ಜೇಬಿನಲ್ಲಿದ್ದರೂ ಅಲ್ಲಿನ ಕಾನೂನಿನ ಪ್ರಕಾರ ನೀನು ಪರವಾನಗಿ ಇಲ್ಲದ ಸವಾರನೇ. ಬಾಡಿಗೆ ಅಂಗಡಿಯವರು ಏನನ್ನೂ ವಿಚಾರಿಸದೆ ಕೀಲಿಕೈ ಕೊಟ್ಟುಬಿಡಬಹುದು, ಪೊಲೀಸರು ಹಿಡಿದರೆ ದಂಡ ಕಟ್ಟಿದರಾಯಿತು ಎಂದು ನಿನ್ನ ಗೆಳೆಯರೂ ಹೇಳಬಹುದು. ನನ್ನ ಚಿಂತೆ ದಂಡದ್ದಲ್ಲ, ವಿಮೆಯದು. ಮಾನ್ಯ ಪರವಾನಗಿಯಿಲ್ಲದೆ ಓಡಿಸಿ ಬಿದ್ದವರ ಆಸ್ಪತ್ರೆ ಖರ್ಚನ್ನು ಪ್ರವಾಸ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಹಾ ಜಿಯಾಂಗ್ ಪಟ್ಟಣದಿಂದ ಹನೋಯ್‌ನ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 300 ಕಿ.ಮೀ. ದಾರಿಯಿದೆ. ಸಾಲದ್ದಕ್ಕೆ ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ನಮ್ಮ ಕೈ ಅಭ್ಯಾಸಬಲದಿಂದ ಎಡಕ್ಕೇ ಎಳೆಯುತ್ತದೆ.

ಹಾಗೆಂದು ಆ ದಾರಿಯನ್ನೇ ಬಿಟ್ಟುಬಿಡು ಎನ್ನಲು ನನಗೆ ಮನಸ್ಸಿಲ್ಲ. ದೋಂಗ್ ವಾನ್‌ನಿಂದ ಮಿಯೋ ವಾಕ್‌ಗೆ ಹೋಗುವಾಗ ಸಿಗುವ ಮಾ ಪಿ ಲೆಂಗ್ ಕಣಿವೆದಾರಿಯನ್ನು ನೋಡಲೇಬೇಕು. 1959ರಿಂದ 1965ರವರೆಗೆ ನಡೆದ ಈ ರಸ್ತೆಯ ಕೆಲಸದಲ್ಲಿ ಯುವಕ ಯುವತಿಯರು ಹಗ್ಗಕ್ಕೆ ಜೋತುಬಿದ್ದು, ಕೈಯಿಂದಲೇ ಬಂಡೆ ಕಡಿದು ದಾರಿ ಮಾಡಿದ್ದಾರೆ. ಕೆಳಗೆ ತುಂಬ ಆಳದಲ್ಲಿ ನೊ ಕ್ವೆ ನದಿ ಹರಿಯುತ್ತದೆ. ಅಲ್ಲಿ 'ಈಸಿ ರೈಡರ್' ಎಂಬ ಸ್ಥಳೀಯ ಸವಾರರು ಸಿಗುತ್ತಾರೆ. ಅವರ ಹಿಂದೆ ಕುಳಿತು ಹೋಗುವುದರಲ್ಲಿ ಯಾವ ಕೊರತೆಯೂ ಇಲ್ಲ, ಕಣಿವೆಯನ್ನು ಕಣ್ತುಂಬ ನೋಡಲು ಅದೇ ಮೇಲು.

ನೀನೇ ಓಡಿಸಬೇಕೆಂಬ ಆಸೆ ಇದ್ದರೆ ಥಾಯ್ಲೆಂಡಿಗೆ ಹೋಗು. ಚಿಯಾಂಗ್ ಮಾಯ್‌ನಿಂದ ಪಾಯ್, ಮೇ ಹೋಂಗ್ ಸೋನ್, ಮೇ ಸರಿಯಾಂಗ್ ಮುಟ್ಟಿ ಮರಳುವ ಸುತ್ತು ಸುಮಾರು 600 ಕಿ.ಮೀ.; ವಾಹನಗಳು ನಮ್ಮಂತೆ ಎಡಬದಿಯಲ್ಲೇ ಸಾಗುತ್ತವೆ, ನಮ್ಮ 1949ರ ಪರವಾನಗಿಗೂ ಮಾನ್ಯತೆಯಿದೆ. ನವೆಂಬರ್ ಅಲ್ಲಿ ಮಳೆ ನಿಂತು ತಂಪಾಗುವ ಕಾಲ. ಪರವಾನಗಿ ಕೈಗೆ ಬಂದಾಗ ಅದರಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೆ ಮೊಹರು ಬಿದ್ದಿದೆಯೇ ಎಂದು ಕಚೇರಿಯಲ್ಲೇ ನೋಡಿಕೋ, ಕಾರಿನದು ಮಾತ್ರ ಇದ್ದರೆ ಪ್ರಯೋಜನವಿಲ್ಲ. ಪಾಸ್‌ಪೋರ್ಟನ್ನು ಅಂಗಡಿಯಲ್ಲಿ ಅಡವಿಡಬೇಡ, ಮುಂಗಡ ಹಣ ಕೊಡು. ತಲೆಗೆ ಸರಿಯಾಗಿ ಕೂರುವ ನಿನ್ನ ಹೆಲ್ಮೆಟ್ಟನ್ನೇ ಇಲ್ಲಿಂದ ಒಯ್ಯಿ.

ವಿಮೆ ಕೊಳ್ಳುವಾಗ ಬಾಡಿಗೆ ಬೈಕ್ ಓಡಿಸುವುದಕ್ಕೆ ಅದು ಅನ್ವಯಿಸುತ್ತದೆಯೇ, ಎಂಜಿನ್ನಿಗೆ ಎಷ್ಟು ಸಿಸಿ ಮಿತಿಯಿದೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆ. ಆ ಪತ್ರವನ್ನು ಹಣ ಕಟ್ಟುವ ಮೊದಲು ನನಗೂ ಕಳುಹಿಸು, ಕುಳಿತು ಓದಿ ಹೇಳುತ್ತೇನೆ.