ಏಳು ಮಕ್ಕಳೊಂದಿಗೆ ಮೃಗಾಲಯಕ್ಕೆ ಹೊರಟಿದ್ದೇವೆ, ಅನುಭವ ಇದ್ದವರು ಹೇಳಿ

ವಿರಾಜಪೇಟೆಯ ತಾಯಿಯೊಬ್ಬರ ಪ್ರಶ್ನೆ

ರಜೆಯಲ್ಲಿ ನಮ್ಮ ಕುಟುಂಬದ ಏಳು ಮಕ್ಕಳನ್ನು ಮೈಸೂರು ಮೃಗಾಲಯಕ್ಕೆ ಕರೆದೊಯ್ಯಬೇಕಾಗಿದೆ. ದೊಡ್ಡವರು ಮೂವರೇ. ನನ್ನ ಮಗನಿಗೆ ನಾಲ್ಕು ವರ್ಷ, ಕೈ ಕೊಸರಿಕೊಂಡು ಓಡುವವನು. ಮಗು ಪ್ರಾಣಿಯ ಆವರಣಕ್ಕೆ ಬಿದ್ದರೆ ತಪ್ಪು ಯಾರದು ಎಂಬ ಮಾತು ಮನೆಯಲ್ಲಿ ಬಂದಾಗ ಎಲ್ಲರೂ ನನ್ನತ್ತಲೇ ನೋಡಿದರು. ನೀವು ಏನು ಎಚ್ಚರ ವಹಿಸುತ್ತೀರಿ?

ಗೋಣಿಕೊಪ್ಪದ ನಿವೃತ್ತ ಶಿಕ್ಷಕರು

ತಂಗಿ, ಇಪ್ಪತ್ತಾರು ವರ್ಷ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಬಂದಿದ್ದೇನೆ. ಅದರಲ್ಲಿ ಒಂದು ದಿನ ಮಾತ್ರ ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಎರಡನೇ ತರಗತಿಯ ಹುಡುಗನ ಟೋಪಿ ಗಾಳಿಗೆ ಹಾರಿ ಜಿಂಕೆಗಳ ಆವರಣದೊಳಗೆ ಬಿತ್ತು. ನಾನು ಐಸ್‌ಕ್ಯಾಂಡಿಯವನಿಂದ ಚಿಲ್ಲರೆ ಎಣಿಸಿಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಹುಡುಗ ಸಡಿಲವಾಗಿದ್ದ ತಂತಿಯನ್ನು ಎತ್ತಿ ಒಳಗೆ ನುಸುಳಿದ್ದ. ಕೊಂಬಿನ ಜಿಂಕೆಯೊಂದು ತಲೆ ತಗ್ಗಿಸಿ ಅವನತ್ತ ತಿರುಗಿತು. ಹುಲ್ಲು ಹಾಕಲು ಬಂದಿದ್ದ ಕೆಲಸಗಾರ ಹೊರೆಯನ್ನು ನಡುವೆ ಎಸೆದು ಹುಡುಗನನ್ನು ಎಳೆದುಕೊಂಡ. ಒಂದು ಗೀರೂ ಆಗಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

‘ಪ್ರಾಣಿಯ ಹತ್ತಿರ ಹೋಗಬೇಡಿ’ ಎಂದು ಬಸ್ಸಿನಲ್ಲಿ ಹತ್ತು ಸಲ ಹೇಳಿದ್ದೆ. ಹುಡುಗನ ಲೆಕ್ಕದಲ್ಲಿ ಅವನು ಹೋದದ್ದು ಟೋಪಿಯ ಹತ್ತಿರ. ಟೋಪಿ ಕಳೆದರೆ ಅಪ್ಪ ಬೈಯುತ್ತಾರೆ ಎಂಬ ಭಯದ ಮುಂದೆ ಜಿಂಕೆಯ ಕೊಂಬು ಅವನಿಗೆ ಕಾಣಲೇ ಇಲ್ಲ. ಆಮೇಲಿನ ಪ್ರತಿ ಪ್ರವಾಸದಲ್ಲೂ ಮಕ್ಕಳಿಂದಲೇ ಹೇಳಿಸುತ್ತಿದ್ದೆ: ‘ಒಳಗೆ ಬಿದ್ದದ್ದು ಹೋಯಿತು, ಯಾರೂ ಬೈಯುವುದಿಲ್ಲ.’ ಚೆಂಡು, ಗೊಂಬೆಗಳು ಮನೆಯಲ್ಲೇ ಇರಲಿ.

ನಿಮ್ಮ ಏಳು ಮಕ್ಕಳನ್ನು ಹೆಸರು ಹಿಡಿದು ಹಂಚಿಕೊಳ್ಳಿ. ನಾಲ್ಕು ವರ್ಷದವನಿಗೇ ಒಬ್ಬರು, ಉಳಿದಿಬ್ಬರಿಗೆ ಮೂರು ಮೂರು ಮಕ್ಕಳು. ಶೌಚಾಲಯಕ್ಕೆ ಹೋಗುವುದಾದರೂ ‘ಇವನು ಈಗ ನಿನ್ನ ಕೈಯಲ್ಲಿ’ ಎಂದು ಬಾಯಿ ಬಿಟ್ಟು ಹೇಳಿ, ಅವರು ‘ಹೂಂ’ ಎಂದ ಮೇಲೆಯೇ ಕೈ ಬಿಡಿ. ನಾನು ಕಂಡಂತೆ ಮಕ್ಕಳು ತಪ್ಪಿಸಿಕೊಳ್ಳುವುದು ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡ ಹೊತ್ತಿನಲ್ಲಿ.

ಇನ್ನು ತಪ್ಪಿನ ಮಾತು. 2016ರ ಮೇ 28ರಂದು ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಮೂರು ವರ್ಷದ ಹುಡುಗ ತಡೆಬೇಲಿ ದಾಟಿ ಗೊರಿಲ್ಲಾದ ಕಂದಕಕ್ಕೆ ಬಿದ್ದ. ಹರಾಂಬೆ ಎಂಬ ಹದಿನೇಳು ವರ್ಷದ ಗೊರಿಲ್ಲಾವನ್ನು ಗುಂಡಿಕ್ಕಿ ಕೊಂದು ಮಗುವನ್ನು ಉಳಿಸಿದರು. ಜಗತ್ತೆಲ್ಲ ಆ ತಾಯಿಯನ್ನು ಹಳಿಯಿತು. ಆದರೆ ಅಲ್ಲಿನ ಸರ್ಕಾರಿ ಅಭಿಯೋಜಕರು ವಿಚಾರಿಸಿ ನೋಡಿ ಆಕೆಯ ಮೇಲೆ ಮೊಕದ್ದಮೆ ಹೂಡಲಿಲ್ಲ. ಮೃಗಾಲಯ ತನ್ನ ಬೇಲಿಯನ್ನು 42 ಇಂಚಿಗೆ ಎತ್ತರಿಸಿ, ನುಸುಳಲಾಗದಂತೆ ಹಗ್ಗದ ಬಲೆ ಕಟ್ಟಿತು. ಹಟ್ಟಿಯ ಬೇಲಿ ದಾಟಿ ಕರು ಹೊರಬಂದರೆ ನಾವು ಮೊದಲು ಬೇಲಿ ನೋಡುತ್ತೇವೆ, ಅಲ್ಲವೇ? ತಾಯಿಯೊಬ್ಬಳ ತಲೆಗೇ ಎಲ್ಲವನ್ನೂ ಕಟ್ಟುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಮನೆಯವರಿಗೆ ಇದನ್ನು ಹೇಳಿ.

ತಿತಿಮತಿಯ ಗೃಹಿಣಿ

ಮೇಷ್ಟ್ರ ಮಾತು ನಿಜ, ಆದರೆ ಬೇಲಿ ಎಷ್ಟೇ ಗಟ್ಟಿಯಿದ್ದರೂ ನಾವೇ ಮಗುವನ್ನು ಅದರ ಮೇಲೆ ಕೂರಿಸಿದರೆ? ನಾನು ಆ ಕೆಲಸ ಮಾಡಿದವಳು. ಮಗಳಿಗೆ ಕರಡಿ ಕಾಣಲಿಲ್ಲವೆಂದು ಕಂಬಿಯ ಮೇಲೆ ನಿಲ್ಲಿಸಿ ಸೊಂಟ ಹಿಡಿದುಕೊಂಡಿದ್ದೆ. ಕಾವಲುಗಾರ ‘ಇಳಿಸಿ ಅಮ್ಮ’ ಎಂದು ಗದರಿದಾಗ ಸಿಟ್ಟೂ ಬಂದಿತ್ತು. 2012ರ ನವೆಂಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮೃಗಾಲಯದಲ್ಲಿ ನಡೆದದ್ದನ್ನು ಓದಿದ ಮೇಲೆ ಆ ಕಾವಲುಗಾರನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅಲ್ಲಿಯೂ ಪ್ರಾಣಿಗಳು ಕಾಣಲೆಂದು ತಾಯಿ ಎರಡು ವರ್ಷದ ಮಗನನ್ನು ಕಂಬಿಯ ಮೇಲೆ ಎತ್ತಿ ಹಿಡಿದಿದ್ದಳು. ಮಗು ಜಾರಿ, ಕೆಳಗಿನ ಬಲೆಯ ಮೇಲೆ ಬಿದ್ದು ಪುಟಿದು, ಆಫ್ರಿಕಾದ ಕಾಡುನಾಯಿಗಳ ನಡುವೆ ಬಿತ್ತು. ಉಳಿಯಲಿಲ್ಲ. ಕಾಣದಿದ್ದರೆ ಸೊಂಟದ ಮೇಲೆ ಎತ್ತಿಕೊಂಡು, ಬೇಲಿಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ ಅಕ್ಕ. ಅಲ್ಲಿಂದಲೂ ಕಾಣದಿದ್ದರೆ ಬೇಡ.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದಿದೆ. ತೋಟಕ್ಕೆ ಆನೆ ಬಂದಿದೆ ಎಂದರೆ ನನ್ನ ಮಕ್ಕಳು ಉಸಿರು ಬಿಗಿಹಿಡಿದು ಒಳಗೆ ಕೂರುತ್ತಾರೆ. ಅದೇ ಮಕ್ಕಳು ದುಬಾರೆಯಲ್ಲಿ ದೋಣಿ ಇಳಿದು, ಮಾವುತರು ಆನೆಗೆ ಸ್ನಾನ ಮಾಡಿಸುವುದನ್ನು ಕಂಡ ಕೂಡಲೇ ಸೊಂಡಿಲ ಕೆಳಗೆ ಓಡುತ್ತಾರೆ. ತೋಟದ ಆನೆ ಬೇರೆ, ಇದು ನಮ್ಮ ಆನೆ ಎಂದು ಅವರ ಎಣಿಕೆ. ಹೊರಡುವ ಹಿಂದಿನ ರಾತ್ರಿ ಅವರನ್ನು ಕೂರಿಸಿಕೊಂಡು, ಎರಡೂ ಒಂದೇ ಆನೆ ಎಂದು ಬಿಡಿಸಿ ಹೇಳುತ್ತೇನೆ.

ಕುಶಾಲನಗರದ ನಿವೃತ್ತ ಪ್ರಾಣಿಪಾಲಕರು

ಹೊರ ಊರಿನ ಮೃಗಾಲಯವೊಂದರಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವನು ನಾನು. ಹರಾಂಬೆಯ ಮಾತು ಬಂದಾಗ ‘ಗುಂಡು ಯಾಕೆ, ಅರಿವಳಿಕೆ ಮದ್ದು ಹೊಡೆಯಬಾರದಿತ್ತೇ?’ ಎಂದು ಎಲ್ಲರೂ ಕೇಳುತ್ತಾರೆ. ಮದ್ದು ಏರಲು ಹಲವು ನಿಮಿಷ ಬೇಕು. ಸೂಜಿ ಚುಚ್ಚಿದ ನೋವಿಗೆ ಪ್ರಾಣಿ ಕೆರಳಿದರೆ, ಆ ನಿಮಿಷಗಳಲ್ಲಿ ಅದರ ಕೈಯಲ್ಲಿರುವುದು ಮಗು. 1996ರಲ್ಲಿ ಶಿಕಾಗೊ ಬಳಿಯ ಬ್ರೂಕ್‌ಫೀಲ್ಡ್‌ನಲ್ಲಿ ಬಿಂಟಿ ಜುವಾ ಎಂಬ ಹೆಣ್ಣು ಗೊರಿಲ್ಲಾ ಬಿದ್ದ ಮಗುವನ್ನು ಎತ್ತಿಕೊಂಡು ಸಿಬ್ಬಂದಿಯ ಬಾಗಿಲ ಬಳಿ ತಂದಿಟ್ಟದ್ದು ನಿಜ. ಆದರೆ ಅದು ಮನುಷ್ಯರ ಕೈಯಲ್ಲಿ ಬೆಳೆದದ್ದು. ಅದನ್ನು ನಂಬಿ ಕೂರುವಂತಿಲ್ಲ.

ಮಗು ಒಳಗೆ ಬಿದ್ದೇಬಿಟ್ಟರೆ ಹಿಂದೆ ಹಾರಬೇಡಿ, ಕಲ್ಲು ಎಸೆಯಬೇಡಿ, ಕಿರುಚಬೇಡಿ. ಕಷ್ಟ, ಗೊತ್ತು. ಆದರೆ ಜನರ ಕೂಗಿಗೆ ಪ್ರಾಣಿ ಗಾಬರಿಯಾಗುತ್ತದೆ. ಒಬ್ಬರು ಓಡಿ ಸಿಬ್ಬಂದಿಗೆ ಯಾವ ಪ್ರಾಣಿ, ಮಗು ಎಲ್ಲಿದೆ ಎಂದಷ್ಟೇ ತಿಳಿಸಿ. ಇನ್ನೊಬ್ಬರು ಮಗುವಿಗೆ ಕಾಣುವಂತೆ ನಿಂತು ಮೆಲ್ಲನೆ ಮಾತನಾಡುತ್ತಿರಿ, ಓಡಬೇಡ ಎನ್ನಿ. ಪ್ರಾಣಿಗೆ ಪರಿಚಯದ ದನಿ ಪಾಲಕನದು. ಅವನು ಕರೆದರೆ, ಊಟದ ಕೋಣೆಯ ಬಾಗಿಲು ತೆರೆದರೆ, ಹಲವು ಪ್ರಾಣಿಗಳು ಒಳಗೆ ಹೋಗುತ್ತವೆ. ಅದಕ್ಕೇ ಅವನನ್ನು ಕರೆಸುವುದು ಮೊದಲ ಕೆಲಸ.

ಮಾಸ್ತರರು ಹೇಳಿದ ಆ ಸಡಿಲ ತಂತಿಯ ವಿಷಯ ನನ್ನನ್ನು ಕಾಡುತ್ತಿದೆ. ಅದು ಹುಡುಗನಿಗಿಂತ ಮೊದಲು ಹತ್ತಾರು ದೊಡ್ಡವರ ಕಣ್ಣಿಗೆ ಬಿದ್ದಿರಬೇಕು. ನೋಡುಗರನ್ನು ಪ್ರಾಣಿಯಿಂದ ದೂರ ನಿಲ್ಲಿಸುವ ತಡೆಬೇಲಿ ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ಮೃಗಾಲಯದವರ ಕರ್ತವ್ಯ, ಅವರು ಮಾಡುವ ಉಪಕಾರವಲ್ಲ. ಎಲ್ಲಾದರೂ ಕಂಬಿ ಮುರಿದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು, ಆ ದಿನವೇ ಕಚೇರಿಯಲ್ಲಿ ಬರೆದು ಕೊಡಿ. ಮೊಸಳೆ ಕೊಳದ ಬಳಿ ಕಿತ್ತುಬಂದಿದ್ದ ಕಂಬಿಯ ಬಗ್ಗೆ ನಾವು ಬಾಯಿಮಾತಿನಲ್ಲಿ ಎಷ್ಟೋ ಸಲ ಹೇಳಿದ್ದೆವು. ಅಜ್ಜಿಯೊಬ್ಬರು ಮೊಮ್ಮಗನಿಂದ ಬರೆಸಿ ಸಹಿ ಹಾಕಿ ಕೊಟ್ಟ ಒಂದು ಹಾಳೆಗೆ ಅದು ಎರಡೇ ದಿನದಲ್ಲಿ ಬದಲಾಯಿತು.