ಸರ್ವರ್ ಮುಚ್ಚಿರೋ ಕಾರ್ಡ್ ಗೇಮ್ ಆಫ್‌ಲೈನ್ ಆಡೋದು ಹೇಗೆ? ಅನುಭವ ಇದ್ದೋರು ಹೇಳಿ

ಪ್ರಶ್ನೆ: ಮೊಜಾಂಗ್ ಕಂಪನಿಯವರ ಸ್ಕ್ರೋಲ್ಸ್ ಅನ್ನೋ ಕಾರ್ಡ್ ಗೇಮ್ ಹಳೇ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಹಾಗೇ ಇದೆ. ತೆರೆದರೆ ಲಾಗಿನ್‌ನಲ್ಲೇ ನಿಂತುಬಿಡುತ್ತೆ. ತಮ್ಮನ ಜೊತೆ ಆಡಬೇಕು, ಮನೇಲಿ ಕಂಪ್ಯೂಟರ್ ಒಂದೇ. ದಾರಿ ಇದೆಯಾ?

ಮನೆ_ಸರ್ವರ್: ಟ್ಯಾಬ್ಲೆಟ್ ಆಸೆ ಬಿಡಿ. ಖಾತೆ, ಕಾರ್ಡು, ಆಟದ ಲೆಕ್ಕ ಎಲ್ಲಾ ಇದ್ದದ್ದು ಸರ್ವರ್‌ನಲ್ಲಿ, ಅದು 2018ರ ಫೆಬ್ರವರಿ 13ಕ್ಕೆ ಬಂದ್ ಆಯ್ತು. ಅದೇ ವರ್ಷ ಜೂನ್‌ನಲ್ಲಿ ಆಟಕ್ಕೆ ಕಾಲರ್ಸ್ ಬೇನ್ ಅಂತ ಹೆಸರಿಟ್ಟು, ಸರ್ವರ್ ಸಮೇತ ಪುಕ್ಕಟೆ ಬಿಟ್ಟರು. ಒಂದು ಕಂಪ್ಯೂಟರ್‌ನಲ್ಲಿ ಸರ್ವರ್ ಓಡಿಸಿ, ಇನ್ನೊಂದರಿಂದ ಲೋಕಲ್ ಐಪಿ (ಮನೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರ್‌ನ ವಿಳಾಸ) ಕೊಟ್ಟು ಸೇರಿಕೊಳ್ಳಿ. ರೂಟರ್‌ಗೆ ಕರೆಂಟ್ ಇದ್ದರೆ ಸಾಕು, ಇಂಟರ್ನೆಟ್ ಬೇಡ. ಕೈ ಕೊಡೋದು ಎಲ್ಲಿ ಅಂದ್ರೆ, ರೂಟರ್ ಆಫ್ ಆಗಿ ಆನ್ ಆದಾಗ ಐಪಿ ಬದಲಾಗಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ (ವಿಳಾಸ ಹಂಚೋ ವ್ಯವಸ್ಥೆ) ಅಂತ ಇರುತ್ತೆ, ಅಲ್ಲಿ ವಿಳಾಸ ಕಾದಿರಿಸಿ. ವಿಂಡೋಸ್ ನಿಮ್ಮ ವೈಫೈಯನ್ನ ಪಬ್ಲಿಕ್ ಅಂತ ಗುರುತಿಸಿದ್ದರೆ ಫೈರ್‌ವಾಲ್ ಅಡ್ಡ ಬರುತ್ತೆ, ಪ್ರೈವೇಟ್ ಮಾಡಿ. ಗೆಸ್ಟ್ ವೈಫೈನಲ್ಲಿ ಸಾಮಾನ್ಯವಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣಲ್ಲ. ಹಳೇ ಖಾತೆಯ ಕಾರ್ಡು ವಾಪಸ್ ಬರಲ್ಲ, ಸೊನ್ನೆಯಿಂದ ಶುರು.

ಕತ್ತರಿ_ಸ್ಕೇಲು: ಕಂಪ್ಯೂಟರ್ ಒಂದೇ ಅಂತ ಬರೆದಿದ್ದಾರಲ್ಲ ಸ್ವಾಮಿ, ಓದಿದ್ರಾ? ಕಾಗದದ ಮೇಲೆ ಆಡಿ. ಡೆಕ್‌ಗೆ 50 ಕಾರ್ಡು, ಇಬ್ಬರಿಗೆ 100. ಅಳತೆ 63×88 ಮಿ.ಮೀ., ಎ4ಗೆ ಒಂಬತ್ತು ಕೂರುತ್ತೆ, ಅಂದ್ರೆ 12 ಹಾಳೆ. ಕಲರ್ ಪ್ರಿಂಟ್ ಹಾಳೆಗೆ 10 ರೂಪಾಯಿ ಹಿಡಿದರೂ 120. ಅಂಗಡಿಯವರು 'ಫಿಟ್ ಟು ಪೇಜ್' ಇಟ್ಟುಬಿಟ್ಟರೆ ಅಳತೆ ಕೆಟ್ಟು ದುಡ್ಡು ದಂಡ, 100% ಇಡಿ ಅಂತ ಎದುರು ನಿಂತು ಹೇಳಿ. 300 ಜಿಎಸ್‌ಎಂ ದಪ್ಪ ಕಾಗದ ಬೇಕಿಲ್ಲ. ಮಾಮೂಲಿ ಹಾಳೆ ಕತ್ತರಿಸಿ, ಹಿಂದೆ ಇಸ್ಪೀಟ್ ಎಲೆ ಇಟ್ಟು ಸ್ಲೀವ್‌ಗೆ (ಕಾರ್ಡಿನ ಪ್ಲಾಸ್ಟಿಕ್ ಕವರ್) ಹಾಕಿ. ಎರಡು ಪ್ಯಾಕ್‌ನಲ್ಲಿ 104 ಎಲೆ ಸಿಗುತ್ತೆ. 57 ಮಿ.ಮೀ. ಅಗಲದ ಎಲೆ ತರಬೇಡಿ, ಸ್ಲೀವ್ ಒಳಗೆ ಅಲ್ಲಾಡುತ್ತೆ.

ಕೌಂಟ್‌ಡೌನ್‌ಗೆ, ಅಂದ್ರೆ ಕಾರ್ಡ್ ಹೊಡೆಯೋಕೆ ಎಷ್ಟು ಸರದಿ ಬಾಕಿ ಅನ್ನೋ ಲೆಕ್ಕಕ್ಕೆ, ಅದರ ಮೇಲೆ ದಾಳ ಇಡಿ, ಸೊನ್ನೆ ಆದಾಗ ದಾಳ ಎತ್ತಿಬಿಡಿ, ಆ ಸರದಿಗೆ ಅದರ ಹೊಡೆತ. ಸರದಿ ಬಂದಾಗ ಕಾರ್ಡ್ ಎಳೆಯೋ ಮೊದಲೇ ನಿಮ್ಮ ಎಲ್ಲಾ ದಾಳದಲ್ಲೂ ಒಂದೊಂದು ಸಂಖ್ಯೆ ಇಳಿಸಬೇಕು. ಒಂದು ಮರೆತರೂ ಅಲ್ಲಿಂದ ಮುಂದಿನ ಹೊಡೆತಗಳೆಲ್ಲ ತಪ್ಪುತ್ತವೆ.

ಎಪಿಕೆ_ಜೋಪಾನ: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ರಿ. ಆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ! ಮಾಡಿದರೆ ಒಬಿಬಿ (ಆಟದ ದೊಡ್ಡ ಡೇಟಾ ಫೈಲ್) ಫೋಲ್ಡರೂ ಜೊತೆಗೇ ಹೋಗುತ್ತೆ. ಮೊದಲು ಕಂಪ್ಯೂಟರ್‌ಗೆ ಕೇಬಲ್ ಹಾಕಿ, ಎಡಿಬಿ (ಆಂಡ್ರಾಯ್ಡ್‌ಗೆ ಆದೇಶ ಕೊಡೋ ಟೂಲ್) ಅಲ್ಲಿ 'ಪಿಎಂ ಪಾತ್' ಕೊಟ್ಟು ಎಪಿಕೆ (ಆ್ಯಪ್‌ನ ಫೈಲ್) ಎಲ್ಲಿದೆ ನೋಡಿ, 'ಪುಲ್' ಆದೇಶದಿಂದ ಕಂಪ್ಯೂಟರ್‌ಗೆ ಎಳ್ಕೊಳ್ಳಿ, ಒಬಿಬಿ ಇದ್ದರೆ ಅದನ್ನೂ ಕಾಪಿ ಮಾಡಿ. ಹೊಸ ಫೋನಿಗೆ ಹಾಕ್ತೀನಿ ಅಂದ್ರೆ, ಆಂಡ್ರಾಯ್ಡ್ 14ರಿಂದ ಟಾರ್ಗೆಟ್ ಎಸ್‌ಡಿಕೆ (ಯಾವ ಆಂಡ್ರಾಯ್ಡ್‌ಗೆ ಅಂತ ಆ್ಯಪ್ ಮಾಡಿದ್ದಾರೆ ಅನ್ನೋ ಸಂಖ್ಯೆ) 23ಕ್ಕಿಂತ ಕಡಿಮೆ ಇರೋ ಆ್ಯಪನ್ನ ಸೀದಾ ತಗೊಳ್ಳಲ್ಲ. ಪಿಕ್ಸೆಲ್ 7ರಲ್ಲಂತೂ 32 ಬಿಟ್ ಆ್ಯಪ್ ಓಡೋದೇ ಇಲ್ಲ. ಹಳೇ ಟ್ಯಾಬ್ಲೆಟ್‌ನ ಬ್ಯಾಟರಿ ಉಬ್ಬಿದ್ದರೆ ಚಾರ್ಜ್‌ಗೆ ಹಾಕಲೇಬೇಡಿ.

ಮನೆ_ಸರ್ವರ್: ಲಾಗಿನ್ ಪರದೆ ಬ್ಯಾಕಪ್ ಇಟ್ಕೊಂಡು ಏನ್ ಮಾಡ್ತಾರೆ?

ಎಪಿಕೆ_ಜೋಪಾನ: ಒಂದು ಆಟ ಸರ್ವರ್ ಸಮೇತ ಸಿಕ್ತು ಅಂತ ಎಲ್ಲವೂ ಹಾಗೇ ಅಂದ್ಕೋಬೇಡಿ. ಪೋಕೆಮಾನ್ ಟಿಸಿಜಿ ಆನ್‌ಲೈನ್ 2023ರ ಜೂನ್ 5ಕ್ಕೆ ನಿಂತಾಗ ಯಾರು ಸರ್ವರ್ ಕೊಟ್ಟರು? ಫೈಲ್ ಉಳಿಸಿಕೊಳ್ಳೋರು ಇದ್ದರೇನೇ ನಾಳೆ ಯಾರಾದರೂ ಏನಾದರೂ ಕಟ್ಟೋಕೆ ಆಗೋದು.

ಮನೆ_ಸರ್ವರ್: ಸರಿ, ಅದು ಒಪ್ಪಿದೆ. ಆದರೆ ಕಾಗದದ ಆಟದಲ್ಲಿ ಬೋರ್ಡ್ ಎಲ್ಲಿ? ಒಬ್ಬೊಬ್ಬರಿಗೆ ಐದು ಸಾಲು, ಸಾಲಿಗೆ ಮೂರು ಮನೆ, ಇಬ್ಬರದೂ ಸೇರಿ ಒಟ್ಟು 30. ಎ3 ಮೇಲೆ ಇಟ್ಟು ತೋರಿಸಿ ನೋಡೋಣ.

ಕತ್ತರಿ_ಸ್ಕೇಲು: ಎ3 ಅಂದೋರು ಯಾರ್ರೀ? ಐದು ಸಾಲಿಗೆ 88ರಂತೆ 440 ಮಿ.ಮೀ., ಎ3 ಇರೋದೇ 420. ಚಾರ್ಟ್ ಪೇಪರ್ ತನ್ನಿ, 22×28 ಇಂಚು, ಅಂದ್ರೆ ಸುಮಾರು 560×710. ಉದ್ದಕ್ಕೆ ಆರು ಮನೆಗೆ 378, ಸಾಲು ಬಿಟ್ಟು ಸಾಲಿಗೆ ಅರ್ಧ ಮನೆ ಸರಿಸಿದರೂ 410 ದಾಟಲ್ಲ. ಎರಡೂ ತುದಿಯಲ್ಲಿ ಐದೈದು ಐಡಲ್‌ಗೆ (ಸಾಲಿಗೊಂದರಂತೆ ಇಬ್ಬರೂ ಕಾಯಬೇಕಾದ ವಿಗ್ರಹ) ಜಾಗ ಉಳಿಯುತ್ತೆ. ಐಡಲ್‌ಗೆ 10 ಜೀವ, ಹತ್ತು ಮುಖದ ದಾಳ ಸಿಗದಿದ್ದರೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ ಅಳಿಸ್ತಾ ಹೋಗಿ. ಐದರಲ್ಲಿ ಮೂರು ಬಿದ್ದರೆ ಆಟ ಮುಗೀತು.